ಹೊಲಿಗೆಯಕ್ಕ ತೊಳೆದ ಪಂಪು

ಹೊಲಿಗೆಯಕ್ಕನಿಗೆ ಗಾಡಿ ಓಡಿಸುವ ಲೈಸೆನ್ಸ್ ಸಿಕ್ಕಿ ಒಂಬತ್ತು ವರ್ಷವಾಗಿತ್ತು. ಸಿಕ್ಕ ದಿನದಿಂದ ಅದು ಹೊಲಿಗೆ ಮೆಷಿನ್ನಿನ ಎಡಗಡೆ ಡ್ರಾಯರಿನಲ್ಲಿ, ಮೊಂಡಾದ ಸೂಜಿಗಳು ಮತ್ತು ಜೋಡಿ ತಪ್ಪಿದ ಗುಂಡಿಗಳ ನಡುವೆ ಬಿದ್ದುಕೊಂಡಿತ್ತು. ಅದರ ಮೇಲಿನ ಫೋಟೋದಲ್ಲಿ ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು, ಈಗಲೇ ಹೊರಟುಬಿಡುವವಳ ಹಾಗೆ ಕೂತಿದ್ದಳು. ಹೊರಟಿರಲಿಲ್ಲ ಅಷ್ಟೆ.

ಮನೆಯಲ್ಲಿ ಗಾಡಿ ಇರಲಿಲ್ಲವೆಂದಲ್ಲ. ಅಂಗಳದಲ್ಲಿ ಒಂದು ಬಿಳಿ ವ್ಯಾನು ನಿಂತಿತ್ತು, ಅವಳ ಬಟ್ಟೆ ಗಂಟುಗಳನ್ನು ಸಾಗಿಸಲೆಂದೇ ತಂದದ್ದು. ಆದರೆ ಅದನ್ನು ಓಡಿಸುವ ಹಕ್ಕು ಗಂಡನದು. ಲೈಸೆನ್ಸ್ ಬಂದ ಮೊದಲ ವರ್ಷ ಅವನು, "ಗಾಡಿ ಇನ್ನೂ ಹೊಸದು, ಸ್ವಲ್ಪ ಪಳಗಲಿ ತಡಿ" ಎಂದ. ಮೂರನೇ ವರ್ಷದಿಂದ, "ಗಾಡಿ ಹಳೇದಾಯ್ತು, ಸ್ಟೇರಿಂಗ್ ಬಿಗಿ, ನಿನ್ನ ತೋಳಿಗೆ ಆಗೋದಲ್ಲ" ಎನ್ನತೊಡಗಿದ. ಹೊಸದಕ್ಕೂ ಹಳೆಯದಕ್ಕೂ ನಡುವೆ ಗಾಡಿ ಸರಿಯಾಗಿದ್ದ ಆ ಒಂದು ವರ್ಷ ಯಾವಾಗ ಬಂತು, ಯಾವಾಗ ಹೋಯಿತು ಎಂಬುದು ಹೊಲಿಗೆಯಕ್ಕನಿಗೆ ಇವತ್ತಿಗೂ ತಿಳಿದಿಲ್ಲ. ತೋಳಿನ ಮಾತಿಗೆ ಬಂದರೆ, ಹನ್ನೆರಡು ಪದರ ಬಟ್ಟೆಯನ್ನು ಒಂದೇ ಏಟಿಗೆ ಕತ್ತರಿಸುವವಳು ಅವಳು. ಉಪ್ಪಿನಕಾಯಿ ಜಾಡಿಯ ಮುಚ್ಚಳ ಬರದಿದ್ದಾಗ ಗಂಡ ಅದನ್ನು ಯಾರ ಕೈಗೆ ಕೊಡುತ್ತಿದ್ದ ಎಂದು ಅವಳು ಒಮ್ಮೆಯೂ ನೆನಪಿಸಿರಲಿಲ್ಲ.

ಗಂಡನನ್ನು ಬೀದಿಯವರೆಲ್ಲ ಲಿಫ್ಟಣ್ಣ ಎನ್ನುತ್ತಿದ್ದರು. ಒಂಬತ್ತು ಮಹಡಿಯ ಕಚೇರಿ ಕಟ್ಟಡದಲ್ಲಿ ಮೂವತ್ತೊಂದು ವರ್ಷ ಲಿಫ್ಟ್ ನಡೆಸಿದ ಮನುಷ್ಯ. ಜಾಲರಿ ಬಾಗಿಲು ಎಳೆದು, ಹಿತ್ತಾಳೆ ಹಿಡಿಕೆ ತಿರುಗಿಸಿ, ಲಿಫ್ಟಿನ ನೆಲವನ್ನು ಮಹಡಿಯ ನೆಲಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ತಂದು ನಿಲ್ಲಿಸುವುದು ಅವನ ವಿದ್ಯೆ. ಆಮೇಲೆ ಕಟ್ಟಡಕ್ಕೆ ಹೊಸ ಲಿಫ್ಟ್ ಬಂತು. ಗುಂಡಿ ಒತ್ತಿದರೆ ತಾನೇ ಹೋಗುತ್ತಿತ್ತು, ತಾನೇ ನಿಲ್ಲುತ್ತಿತ್ತು. ಅವನಿಗೆ ಒಂದು ಗೋಡೆ ಗಡಿಯಾರವನ್ನೂ, ಕೇಳಿಕೊಂಡನೆಂದು ಹಳೆಯ ಲಿಫ್ಟಿನ ಸ್ಟೂಲನ್ನೂ ಕೊಟ್ಟು ಮನೆಗೆ ಕಳಿಸಿದರು. ಆಯುಷ್ಯವಿಡೀ ಮೇಲೆ ಕೆಳಗೆ ಬಿಟ್ಟರೆ ಬೇರೆ ದಿಕ್ಕು ಕಾಣದವನು ಆಮೇಲೆ ವ್ಯಾನು ಕೊಂಡ. ಎಡಕ್ಕೂ ಬಲಕ್ಕೂ ತಿರುಗುವ ರುಚಿ ಹತ್ತಿ, ಅದನ್ನು ಇನ್ನೊಬ್ಬರ ಕೈಗೆ ಕೊಡಲೇ ಇಲ್ಲ.

ಸ್ಟೇರಿಂಗ್ ಬಿಗಿಯಾದದ್ದು ಒಂದು ದಿನದಲ್ಲಲ್ಲ. ವರ್ಷಕ್ಕಿಷ್ಟು ಎಂದು ಬಿಗಿಯಾಗುತ್ತಾ ಬಂತು. ಲಿಫ್ಟಣ್ಣ ವರ್ಷಕ್ಕಿಷ್ಟು ಎಂದು ಬಲ ಹಾಕುತ್ತಾ ಹೋದ. ಈಗ ತಿರುವು ಬಂದರೆ ಸೀಟಿನಿಂದ ಅರ್ಧ ಎದ್ದು, ಒಂದು ಭುಜ ಇಳಿಬಿಟ್ಟು, ಹಲ್ಲು ಕಚ್ಚಿ, ಬಾವಿಯಿಂದ ತುಂಬಿದ ಕೊಡ ಎಳೆಯುವವನ ಹಾಗೆ ಎಳೆಯುತ್ತಿದ್ದ. ಬಾನೆಟ್ಟಿನೊಳಗೆ ಏನೋ ಕುಂಯ್ಯೆಂದು ನರಳುತ್ತಿತ್ತು. ಮೆಷಿನ್ನಿಗೆ ಎಣ್ಣೆ ಆರಿದಾಗ ಇದೇ ಸದ್ದು ಬರುತ್ತದೆಂದು ಪಕ್ಕದಲ್ಲಿ ಕೂತ ಹೊಲಿಗೆಯಕ್ಕನಿಗೆ ಗೊತ್ತಿತ್ತು. ಹೇಳಿದರೆ, "ವಯಸ್ಸಾದ್ಮೇಲೆ ಎಲ್ಲಾ ನರಳುತ್ತೆ. ಅಮ್ಮ ನರಳಲ್ವಾ" ಎನ್ನುತ್ತಿದ್ದ.

ಅಮ್ಮ ಎಂದರೆ ಹೊಲಿಗೆಯಕ್ಕನ ಅತ್ತೆ, ಎಂಬತ್ತಮೂರು ವರ್ಷ. ಮಂಡಿ ಕೈಕೊಟ್ಟಿತ್ತೇ ಹೊರತು ಕಣ್ಣು ಕಿವಿ ಚುರುಕಾಗಿಯೇ ಇದ್ದವು. ಬೆಳಗಿನಿಂದ ಸಂಜೆಯವರೆಗೆ ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತು ಅಂಗಳದ ಆಗುಹೋಗುಗಳಿಗೆಲ್ಲ ತೀರ್ಪು ಕೊಡುವುದು ಅವರ ಕೆಲಸ.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ಊರಾಚೆಯ ದೊಡ್ಡಾಸ್ಪತ್ರೆಯಲ್ಲಿ ಹೊಲಿಗೆ ಕೋಣೆಗೆ ಮುಖ್ಯಸ್ಥೆ ಬೇಕಾಗಿತ್ತು. ಹಾಸಿಗೆ ಬಟ್ಟೆ, ರೋಗಿಗಳ ನಿಲುವಂಗಿ, ಡಾಕ್ಟರುಗಳ ಟೋಪಿ, ಕೈಕೆಳಗೆ ಆರು ಜನ. ಹೊಲಿಗೆಯಕ್ಕ ಮೂವತ್ತು ವರ್ಷ ಇನ್ನೊಬ್ಬರ ರವಿಕೆಯ ತೋಳು ಸಡಿಲ ಮಾಡಿಕೊಂಡೇ ಬಂದವಳು; ಇಂಥ ಕೆಲಸ ಅವಳನ್ನು ಹುಡುಕಿಕೊಂಡು ಬಂದದ್ದು ಇದೇ ಮೊದಲು. ಅಲ್ಲಿನ ಮೇಟ್ರನ್ ನೇರ ಮಾತಿನ ಹೆಂಗಸು.

"ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೀಬೇಕು. ನಿಮ್ಮ ಕಡೆಯಿಂದ ಮೊದಲ್ನೇ ಬಸ್ಸೇ ಏಳೂವರೆಗೆ. ಹೇಗೆ ಬರ್ತೀರಿ? ಮೊದಲ್ನೇ ದಿನ ತಡ ಮಾಡಿದವರು ಎರಡನೇ ದಿನ ಬರೋದೇ ಬೇಡ, ಇದು ನಮ್ಮಲ್ಲಿ ಪದ್ಧತಿ."

"ನಮ್ಮನೇಲಿ ವ್ಯಾನಿದೆ ಮೇಡಂ. ನಾನೇ ಓಡಿಸ್ಕೊಂಡು ಬರ್ತೀನಿ" ಎಂದಳು ಹೊಲಿಗೆಯಕ್ಕ. ಬಾಯಿಂದ ಮಾತು ಬಿದ್ದ ಮೇಲೆ ಅವಳಿಗೇ ಗಾಬರಿಯಾಯಿತು.

ಕೆಲಸ ಶುರುವಾಗುವುದು ಸೋಮವಾರ. ಗಂಡನಿಗೆ ಹೇಳಿದಾಗ ಅವನು ಖುಷಿಪಟ್ಟ, ಸುಳ್ಳಲ್ಲ. "ನಾನೇ ಬಿಟ್ಟು ಬರ್ತೀನಿ ಬಿಡು" ಎಂದ. ಆದರೆ ನಿವೃತ್ತಿಯಾದ ಮೇಲೆ ಅವನು ಎಂಟಕ್ಕೆ ಮುಂಚೆ ಕಣ್ಣು ಬಿಟ್ಟವನಲ್ಲ. ಆರೂವರೆ ಎಂದದ್ದಕ್ಕೆ, "ಎಂಟೂವರೆಗೆ ಹೋದ್ರೂ ಆಗುತ್ತೆ, ಆಸ್ಪತ್ರೆ ಎಲ್ಲಿಗೆ ಓಡಿಹೋಗುತ್ತೆ" ಎಂದು ಮಗ್ಗುಲು ಬದಲಿಸಿದ.

ಶುಕ್ರವಾರ ವ್ಯಾನು ಮಾರುಕಟ್ಟೆಯ ವೃತ್ತದಲ್ಲಿ ಬುಸ್ಸೆಂದು ಹೊಗೆ ಬಿಟ್ಟಿತು. ಬೀದಿ ಕೊನೆಯ ಮೆಕ್ಯಾನಿಕ್ ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು ನೋಡಿ, ನೀರಿನ ಪಂಪು ಹೋಗಿದೆ ಎಂದ. ಎಂಜಿನ್ನಿನ ಸುತ್ತ ನೀರು ಓಡಾಡಿಸಿ ತಂಪಿಡುವ ಪಂಪು. ಅದರ ನಡು ಸವೆದು ನೀರು ಸೋರುತ್ತಿತ್ತು.

"ನನ್ನ ಕೈಲಿ ಮುಂದಿನ ವಾರದ ತನಕ ಬಿಡುವಿಲ್ಲ ಅಣ್ಣ" ಎಂದ ಮೆಕ್ಯಾನಿಕ್. "ಇನ್ನೊಂದು ಮಾತು. ಇದನ್ನ ಬಿಚ್ಚೋಕೆ ಮುಂಚೆ ಅಡ್ಡ ಇರೋ ಸ್ಟೇರಿಂಗ್ ಪಂಪ್ ಬಿಚ್ಬೇಕು. ಎರಡೂ ಒಂದೇ ಬೆಲ್ಟಲ್ಲಿ ಓಡೋದು. ಎಣ್ಣೆ ಒತ್ತಿ ಸ್ಟೇರಿಂಗ್ ಹಗುರ ಮಾಡೋದು ಅದೇ. ಅದು ಸತ್ತು ಎಷ್ಟೋ ವರ್ಷ ಆಗಿದೆ. ಹೇಗೂ ಬಿಚ್ತೀರಿ, ಅದನ್ನೂ ಹೊಸದು ಹಾಕ್ಬಿಡಿ."

"ಅದು ಸತ್ತಿಲ್ಲ. ಸ್ವಲ್ಪ ಬಿಗಿ ಅಷ್ಟೆ. ಅದರ ಗುಣವೇ ಹಾಗೆ" ಎಂದ ಲಿಫ್ಟಣ್ಣ. "ನೀರಿನ ಪಂಪ್ ಒಂದು ಕೊಡು. ಮನೇಲೇ ಹಾಕ್ಕೋತೀನಿ. ಪಂಪ್ ಅಂದ್ರೆ ಏನು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಕಳ್ಸೋದು ತಾನೆ. ಅದನ್ನ ನನಗೆ ಯಾರು ಹೇಳ್ಕೊಡಬೇಕು."

ಪಕ್ಕದಲ್ಲಿ ನಿಂತಿದ್ದ ಹೊಲಿಗೆಯಕ್ಕ ಬಗ್ಗಿ ಆ ಪಂಪನ್ನು ನೋಡಿದಳು. ಮೆಕ್ಯಾನಿಕ್ ಹೇಳಿದ 'ಹಗುರ' ಎಂಬುದು ಅವಳ ಕಿವಿಯಲ್ಲೇ ಉಳಿಯಿತು.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಕೆಲಸ ಶುರುವಾಯಿತು. ಲಿಫ್ಟಣ್ಣ ಹಳೆಯ ಖಾಕಿ ಅಂಗಿ ತೊಟ್ಟು, ಸ್ಟೂಲನ್ನು ವ್ಯಾನಿನ ಮುಂದಿಟ್ಟು ಕೂತ. ರೇಡಿಯೇಟರಿನ ಕೆಳಗಿನ ಪೈಪು ಕಳಚಿದೊಡನೆ ಹಸಿರು ನೀರು ಬಟ್ಟೆ ನೆನೆಸುವ ಟಬ್ಬಿಗೆ ಅರ್ಧ, ಅವನ ಮಡಿಲಿಗೆ ಅರ್ಧ ಬಿತ್ತು.

"ಇದೇನೋ, ಈ ವಯಸ್ಸಲ್ಲಿ" ಎಂದರು ಅತ್ತೆ ವರಾಂಡದಿಂದ.

"ಗಾಡಿ ನೀರು ಅಮ್ಮ."

"ಯಾರದಾದ್ರೂ ಸರಿ, ಹೋಗಿ ಬದಲಾಯಿಸ್ಕೊ."

ಬೆಲ್ಟ್ ಬಿಚ್ಚುವ ಮೊದಲು ಅದು ಯಾವ ಚಕ್ರದ ಮೇಲೆ ಹಾದು ಯಾವುದರ ಕೆಳಗೆ ಹೋಗುತ್ತದೆಂದು ಹೊಲಿಗೆಯಕ್ಕ ಹಳೆಯ ದಿನಪತ್ರಿಕೆಯ ಮೇಲೆ ಬರೆದುಕೊಂಡಳು. ಬೋಲ್ಟುಗಳು ಬರತೊಡಗಿದಾಗ ಗಂಡ ಅವನ್ನು ಊಟದ ಡಬ್ಬಿಗೆ ಸುರಿಯಲು ಹೊರಟ. ಅವಳು ಬಿಡಲಿಲ್ಲ. ಹರಿದ ದುಪ್ಪಟಿಯೊಂದನ್ನು ನೆಲಕ್ಕೆ ಹಾಸಿ, ಸೀಮೆಸುಣ್ಣದಲ್ಲಿ ಪಂಪಿನ ಆಕಾರ ಬರೆದು, ಯಾವ ತೂತಿನಿಂದ ಯಾವ ಬೋಲ್ಟ್ ಬಂತೋ ಅಲ್ಲಲ್ಲಿಗೆ ದಪ್ಪ ದಾರದಲ್ಲಿ ಎರಡೆರಡು ಹೊಲಿಗೆ ಹಾಕಿ ಕೂರಿಸಿದಳು. ಉದ್ದದ್ದು ಮೂರು, ಗಿಡ್ಡದ್ದು ಎರಡು, ನಡುವಿನದು ಒಂದು.

"ಬೋಲ್ಟಿಗೂ ಲಂಗ ಹೊಲೀತೀಯಾ?" ಎಂದ ಲಿಫ್ಟಣ್ಣ.

"ಆಮೇಲೆ ಹುಡುಕೋರು ಯಾರು. ನೀವು ಕೆಲಸ ನೋಡಿ."

ಸ್ಟೇರಿಂಗ್ ಪಂಪು ಸುಲಭಕ್ಕೆ ಜಗ್ಗಲಿಲ್ಲ. ಅದರ ಪೈಪು ಸಡಿಲಿಸಿದಾಗ ಕಪ್ಪು ಎಣ್ಣೆ ಲಿಫ್ಟಣ್ಣನ ಅಂಗೈಯಿಂದ ಮೊಣಕೈಗೆ, ಅಲ್ಲಿಂದ ತೋಳಿನೊಳಗೆ ನುಗ್ಗಿ ಕಂಕುಳಲ್ಲಿ ತಂಗಿತು. ಅವನು ಕಂಕುಳನ್ನು ಒತ್ತಿಹಿಡಿದುಕೊಂಡೇ ಪಂಪನ್ನು ಹೊರಗೆಳೆದ. ಮಧ್ಯಾಹ್ನದ ಹೊತ್ತಿಗೆ ನೀರಿನ ಪಂಪೂ ಬಂತು. ಅದು ಕೂತಿದ್ದ ಜಾಗದಲ್ಲಿ ಕಚ್ಚಿಕೊಂಡಿದ್ದ, ನೀರು ಸೋರದಿರಲು ಹಾಕಿದ್ದ ಹಳೆಯ ಗ್ಯಾಸ್ಕೆಟ್ಟಿನ ಕಾಗದವನ್ನು ಹೊಲಿಗೆಯಕ್ಕ ಹೊಲಿಗೆ ಬಿಚ್ಚುವ ಪುಟ್ಟ ಬ್ಲೇಡಿನಿಂದ, ಬಟ್ಟೆಗೆ ನೋವಾಗದ ಹಾಗೆ ನೂಲು ತೆಗೆಯುವ ತಾಳ್ಮೆಯಲ್ಲಿ, ಕೆರೆದು ಕೆರೆದು ತೆಗೆದಳು. ಲಿಫ್ಟಣ್ಣ ಊಟ ಮಾಡಿ, ಎಂಜಿನ್ನಿಗೂ ಸ್ವಲ್ಪ ಆರಾಮ ಬೇಕು ಎಂದು ಹೇಳಿ ತಾನು ಹೋಗಿ ಮಲಗಿದ.

ಅವನ ಗೊರಕೆ ಒಂದು ಲಯಕ್ಕೆ ಬಂದ ಮೇಲೆ ಹೊಲಿಗೆಯಕ್ಕ ಹಳೆಯ ಸ್ಟೇರಿಂಗ್ ಪಂಪನ್ನು ಬಟ್ಟೆ ಚೀಲಕ್ಕೆ ಹಾಕಿ, ಮೇಲೆ ಎರಡು ರವಿಕೆ ಮುಚ್ಚಿ ಗೇಟು ದಾಟಿದಳು. ಅತ್ತೆ ಎಲ್ಲವನ್ನೂ ನೋಡುತ್ತಿದ್ದರು.

"ಎಲ್ಲಿಗಮ್ಮ?"

"ರವಿಕೆ ಕೊಟ್ಟು ಬರ್ತೀನಿ ಅತ್ತೆ."

"ರವಿಕೆಗೆ ಭಾಳ ತೂಕ ಕಾಣುತ್ತೆ" ಎಂದರು ಅತ್ತೆ. ಆಮೇಲೆ ಕಣ್ಣು ಮುಚ್ಚಿಕೊಂಡು, "ಬೇಗ ಬಾ, ಅವನು ಏಳೋದ್ರೊಳಗೆ" ಎಂದರು.

ಮೆಕ್ಯಾನಿಕ್ಕಿನ ಹತ್ತಿರ ಅವಳು ಹೊಸ ಸ್ಟೇರಿಂಗ್ ಪಂಪು ಕೊಂಡಳು. ಅವನು ಹಳೆಯದರ ಬೆಲ್ಟಿನ ಚಕ್ರ ಎಳೆದು ತೆಗೆದು ಹೊಸದಕ್ಕೆ ಒತ್ತಿ ಕೂರಿಸಿಕೊಟ್ಟ. "ಎಣ್ಣೆ ತುಂಬಿದ ಮೇಲೆ ಮುಂದಿನ ಚಕ್ರ ಎರಡೂ ಜಾಕಲ್ಲಿ ಎತ್ತಿ, ಸ್ಟೇರಿಂಗ್ ಈ ಕೊನೆಯಿಂದ ಆ ಕೊನೆಗೆ ಇಪ್ಪತ್ತು ಸಲ ತಿರುಗಿಸಿ. ಒಳಗಿನ ಗಾಳಿ ಹೋಗುತ್ತೆ" ಎಂದ. "ಅಣ್ಣ ಒಪ್ಪಿದ್ರಾ ಕೊನೆಗೆ?"

"ಒಪ್ತಾರೆ" ಎಂದಳು ಹೊಲಿಗೆಯಕ್ಕ.

ಮನೆಗೆ ಬಂದು ಚೀಲ ಬಿಚ್ಚಿದರೆ ಹೊಸ ಪಂಪು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಗಂಡ ನೋಡಿದೊಡನೆ ಗುರುತು ಹಿಡಿಯುತ್ತಿದ್ದ. ಬದುಕೆಲ್ಲ ಬಟ್ಟೆಯ ಕಲೆ ತೆಗೆದು ಶಭಾಸ್ ಅನ್ನಿಸಿಕೊಂಡವಳು ಅಂದು ಮೊದಲ ಸಲ ಕಲೆ ಹಚ್ಚಲು ಕೂತಳು. ಹಳೆ ಎಣ್ಣೆಯಲ್ಲಿ ಚಿಂದಿ ಅದ್ದಿ, ಮೂಲೆ ಮೂಲೆಗೂ ಸವರಿ, ಮೇಲೊಂದಿಷ್ಟು ಅಂಗಳದ ಧೂಳು ಉದುರಿಸಿದಳು. ಹಳೆಯದನ್ನು ದಾರದ ಉಂಡೆಗಳ ಪೆಟ್ಟಿಗೆಯ ತಳಕ್ಕೆ ಸೇರಿಸಿದಳು. ಗಂಡನಿಗೆ ಸುಳ್ಳು ಹೇಳುವುದು ಅವಳಿಗೆ ಹಿತವಾಗಿರಲಿಲ್ಲ. ಒಂಬತ್ತು ವರ್ಷ ನಿಜ ಹೇಳಿ ನೋಡಿಯಾಗಿತ್ತು.

ಲಿಫ್ಟಣ್ಣ ಎದ್ದು ಬಂದು ಪಂಪನ್ನು ಕೈಗೆತ್ತಿಕೊಂಡ. ತಿರುಗಿಸಿ ನೋಡಿದ.

"ತೊಳೆದ್ಯಾ ಇದನ್ನ?"

"ಹೂಂ. ಸೀಮೆಎಣ್ಣೆ ಹಾಕಿ ಸ್ವಲ್ಪ ಉಜ್ಜಿದೆ."

"ನೋಡು, ಇದನ್ನ ಸತ್ತು ಹೋಗಿದೆ ಅಂತಾನೆ ಆ ಮೆಕ್ಯಾನಿಕ್. ಒಂದು ಸ್ನಾನ ಮಾಡಿಸಿದ್ರೆ ಹೊಸದರ ಥರ ಇದೆ."

"ಹೌದಪ್ಪ, ಹತ್ತು ವರ್ಷ ಚಿಕ್ಕದಾಗಿ ಕಾಣುತ್ತೆ" ಎಂದರು ಅತ್ತೆ. ಹೊಲಿಗೆಯಕ್ಕ ಅವರ ಮುಖ ನೋಡುವ ಧೈರ್ಯ ಮಾಡಲಿಲ್ಲ.

ಭಾನುವಾರ ಜೋಡಣೆ. ನೀರಿನ ಪಂಪಿನ ಬೋಲ್ಟುಗಳನ್ನು ಲಿಫ್ಟಣ್ಣ ನೆನಪಿನ ಮೇಲೆ ಹಾಕಿದ. ಕೊನೆಯದು ಒಂದು ಬೆರಳಷ್ಟು ಹೊರಗೇ ನಿಂತಿತು. ಅದನ್ನು ಬೈದ, ಮತ್ತೆ ಬಿಗಿದ, ಸ್ಪ್ಯಾನರಿನ ಮೇಲೆ ಕಾಲಿಡುವ ಯೋಚನೆಯನ್ನೂ ಮಾಡಿದ. ಹೊಲಿಗೆಯಕ್ಕ ದುಪ್ಪಟಿಯನ್ನು ತಂದು ಅವನ ಮುಂದೆ ಹಿಡಿದಳು. ಅವನು ಎಲ್ಲವನ್ನೂ ಬಿಚ್ಚಿ, ಸೀಮೆಸುಣ್ಣದ ಗುರುತು ನೋಡಿಕೊಂಡು ಹಾಕಿದ. ಎಲ್ಲವೂ ತಂತಮ್ಮ ತೂತಿನಲ್ಲಿ ಮಲಗಿದವು. ಅದರ ಮುಂದೆ ಸ್ಟೇರಿಂಗ್ ಪಂಪೂ ಕೂತಿತು. ಬೆಲ್ಟನ್ನು ಮಾತ್ರ, ದಿನಪತ್ರಿಕೆಯ ಚಿತ್ರವನ್ನು ತಾನೇ ಕೇಳಿ ತೆಗೆದುಕೊಂಡು, ನೋಡಿಕೊಂಡು ಏರಿಸಿದ.

ನೀರು, ಸ್ಟೇರಿಂಗ್ ಎಣ್ಣೆ ಎರಡನ್ನೂ ತುಂಬಿ ಎಂಜಿನ್ ಶುರು ಮಾಡಿದರು. ಅರ್ಧ ಗಂಟೆ ಓಡಿತು. ಇಬ್ಬರೂ ನೆಲಕ್ಕೆ ಕೆನ್ನೆ ಹಚ್ಚಿ ಅಡಿಯಿಂದ ನೋಡಿದರು. ಒಂದು ತೊಟ್ಟೂ ಬೀಳಲಿಲ್ಲ. ಎಣ್ಣೆಯೊಳಗಿನ ಗಾಳಿ ಹೋಗಬೇಕಂತೆ ಎಂದು ಹೊಲಿಗೆಯಕ್ಕ ಮುಂದಿನ ಚಕ್ರಗಳನ್ನು ಜಾಕಲ್ಲಿ ಎತ್ತಿಸಿ ಸ್ಟೇರಿಂಗ್ ತಿರುಗಿಸಲು ಹೇಳಿದಳು. ಇಲ್ಲೇ ಗೊತ್ತಾಗಿಬಿಡುತ್ತದೆ ಎಂದುಕೊಂಡಳು. ಲಿಫ್ಟಣ್ಣ ಇಪ್ಪತ್ತು ಸಲ ತಿರುಗಿಸಿ ನಕ್ಕ.

"ಗಾಳೀಲಿ ನೋಡು ಎಷ್ಟು ಸಾಧು. ನೆಲಕ್ಕೆ ಇಳಿಸು, ಆಗ ತೋರ್ಸುತ್ತೆ ತನ್ನ ಬುದ್ಧಿ."

ಹೊಲಿಗೆಯಕ್ಕ ಆಗಲೇ ಹೇಳಬೇಕಿತ್ತು. "ರೀ, ಸ್ವಲ್ಪ ಮೆಲ್ಲಗೆ ತಿರುಗಿಸಿ" ಎಂದಷ್ಟೇ ಹೇಳಿದಳು. ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ವ್ಯಾನನ್ನು ಇಳಿಸಿ, ಏರಿ ಕೂತು, ಗೇಟಿನ ಕಡೆ ಹಿಂದಕ್ಕೆ ಬಿಟ್ಟ. ತಿರುಗಿಸುವ ಜಾಗ ಬಂತು. ರೂಢಿಯಂತೆ ಸೀಟಿನಿಂದ ಅರ್ಧ ಎದ್ದ, ಭುಜ ಇಳಿಬಿಟ್ಟ, ಹಲ್ಲು ಕಚ್ಚಿದ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಳೆದ.

ಬಾವಿಯ ಕೊಡದಲ್ಲಿ ಈ ಸಲ ನೀರಿರಲಿಲ್ಲ. ಸ್ಟೇರಿಂಗ್ ಗಿರ್ರೆಂದು ಸುತ್ತಿತು, ಜೊತೆಗೆ ಅವನೂ ಸುತ್ತಿ ಪಕ್ಕದ ಸೀಟಿಗೆ ಒರಗಿದ. ವ್ಯಾನು ಅಡ್ಡಕ್ಕೆ ನುಗ್ಗಿ ಬಟ್ಟೆ ಒಣಗಿಸುವ ತಂತಿಯ ಕಂಬಕ್ಕೆ ಗುದ್ದಿ ನಿಂತಿತು. ಕಂಬ ಬಾಗಿ, ತಂತಿಯ ಮೇಲಿದ್ದ ಎಂಟು ದುಪ್ಪಟಿಗಳು ಒಂದರ ಮೇಲೊಂದು ಇಳಿದು ವ್ಯಾನನ್ನು ಪೂರ್ತಿ ಹೊದೆಸಿಬಿಟ್ಟವು. ಒಳಗಿನಿಂದ ಹಾರ್ನ್ ಒಂದು ಸಲ ಕೇಳಿಸಿತು.

"ಲಿಫ್ಟ್ ಅಡ್ಡಡ್ಡ ಹೋಯ್ತಲ್ಲೋ" ಎಂದರು ಅತ್ತೆ.

ಹೊಲಿಗೆಯಕ್ಕ ಓಡಿಹೋಗಿ ದುಪ್ಪಟಿ ಎಳೆದಳು. ಗಂಡನಿಗೆ ಏಟಾಗಿರಲಿಲ್ಲ. ಅವನು ನೆಟ್ಟಗೆ ಕೂತು ಸ್ಟೇರಿಂಗನ್ನೇ ನೋಡುತ್ತಿದ್ದ. ತೋರುಬೆರಳಿಟ್ಟು ಎಡಕ್ಕೆ ತಿರುಗಿಸಿದ. ಬಲಕ್ಕೆ ತಿರುಗಿಸಿದ. ಹೇಳಿದ ಹಾಗೆ ಕೇಳಿತು.

"ಹಳೇ ಪಂಪ್ ಎಲ್ಲಿದೆ?" ಎಂದ.

ಅವಳು ದಾರದ ಪೆಟ್ಟಿಗೆಯಿಂದ ತಂದು ಕೊಟ್ಟಳು. ಅದರ ತುಂಬ ಬಣ್ಣಬಣ್ಣದ ನೂಲು ಸುತ್ತಿಕೊಂಡಿತ್ತು. ಅವನು ಕೂಗಾಡುತ್ತಾನೆಂದು ಅವಳು ಸಿದ್ಧಳಾಗಿ ನಿಂತಿದ್ದಳು. ಅವನು ನೂಲನ್ನು ಒಂದೊಂದಾಗಿ ಬಿಡಿಸುತ್ತಾ ಸ್ಟೂಲಿನ ಮೇಲೆ ಕೂತ.

"ಲಿಫ್ಟಿಗೂ ಹೀಗೇ ಮಾಡಿದ್ರು" ಎಂದ. "ಒಂದು ಬೆರಳಲ್ಲಿ ಒತ್ತಿದ್ರೆ ಸಾಕು ಅಂದ್ರು. ಯಾರು ಬೇಕಾದ್ರೂ ಒತ್ತಬಹುದು ಅಂದ್ರು. ಮಾರನೇ ದಿನದಿಂದ ನಾನು ಯಾರಿಗೂ ಬೇಡವಾದೆ. ಈ ಗಾಡಿಗಾದ್ರೂ ನಾನೇ ಬೇಕು ಅಂದ್ಕೊಂಡಿದ್ದೆ."

ಹೊಲಿಗೆಯಕ್ಕನಿಗೆ ಅಯ್ಯೋ ಅನ್ನಿಸಿತು. ಅದರ ಬೆನ್ನಿಗೇ ಸಿಟ್ಟೂ ಬಂತು. ಈ ಮಾತನ್ನು ಒಂಬತ್ತು ವರ್ಷದ ಹಿಂದೆಯೇ ಹೇಳಿದ್ದರೆ ತೋಳಿನ ನೆವ ಬೇಕಿರಲಿಲ್ಲ.

"ನಿಮ್ಮ ಲಿಫ್ಟ್ ನಾನು ಕಿತ್ಕೊಂಡಿಲ್ಲ ರೀ. ನಾಳೆ ಆರೂವರೆಗೆ ಆರು ಜನ ನನ್ನ ದಾರಿ ನೋಡ್ತಾ ಬಾಗಿಲಲ್ಲಿ ನಿಂತಿರ್ತಾರೆ. ನನಗೂ ಯಾರಿಗಾದ್ರೂ ಬೇಕಾಗಬೇಕು ಅಂತ ಆಸೆ ಇರಲ್ವಾ?"

ಅವನು ಸ್ಟೂಲಿನಿಂದ ಎದ್ದ. ಸಂಜೆಯೆಲ್ಲ ಮುಖ ಊದಿಸಿಕೊಂಡು ಬಾಗಿದ ಕಂಬವನ್ನು ನೆಟ್ಟಗೆ ಮಾಡುತ್ತಿದ್ದ. ಅವಳು ದುಪ್ಪಟಿಗಳನ್ನು ಮತ್ತೆ ಒಗೆದಳು. ಊಟಕ್ಕೆ ಕೂತಾಗ ಸಾರು ಬಡಿಸಲು ಅತ್ತೆಯ ಮೂಲಕವೇ ಹೇಳಿಸಿದ.

ಸೋಮವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಹೊಲಿಗೆಯಕ್ಕ ಲೈಸೆನ್ಸನ್ನು ಡ್ರಾಯರಿನಿಂದ ತೆಗೆದು, ಅಂಟಿಕೊಂಡಿದ್ದ ಗುಂಡಿಯೊಂದನ್ನು ಬಿಡಿಸಿ, ಚೀಲಕ್ಕೆ ಹಾಕಿಕೊಂಡು ಅಂಗಳಕ್ಕೆ ಬಂದಳು. ವ್ಯಾನಿನ ಅಡಿಯಲ್ಲಿ ಟಾರ್ಚಿನ ಬೆಳಕಿತ್ತು. ಎಂಟಕ್ಕೆ ಮುಂಚೆ ಕಣ್ಣು ಬಿಡದ ಮನುಷ್ಯ ಖಾಕಿ ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ್ದ.

"ಸೋರ್ತಾ ಇಲ್ಲ. ಎಣ್ಣೆನೂ ಸರಿಯಾಗಿದೆ" ಎಂದು ಏಳುತ್ತಾ ಹೇಳಿದ.

"ನಾನೊಬ್ಬಳೇ ಹೋಗ್ತೀನಿ ರೀ. ಹಾಗಂತ ಹೇಳಿ ಬಂದಿದ್ದೀನಿ."

"ಗೊತ್ತು. ನಾನು ಗೇಟ್ ತೆಗೆಯೋಕೆ ಬಂದೆ."

ಅವನು ಮುಂದೆ ಹೋಗಿ ಗೇಟನ್ನು ಜಾಲರಿ ಬಾಗಿಲಿನ ಹಾಗೆ ಒಂದೇ ಎಳೆತಕ್ಕೆ ತೆಗೆದು, ಪಕ್ಕಕ್ಕೆ ಸರಿದು ನಿಂತ. ಹೊಲಿಗೆಯಕ್ಕ ಎಂಜಿನ್ ಶುರು ಮಾಡಿದಳು. ನರಳಾಟ ಇರಲಿಲ್ಲ. ಹಿಂದಕ್ಕೆ ಬಿಡುತ್ತಾ ಅವನ ಬಳಿ ಬಂದಾಗ ಅವನು ಕಿಟಕಿಗೆ ಬಗ್ಗಿದ.

"ಜೋರು ಮಾಡ್ಬೇಡ" ಎಂದ. "ಒಂದು ಬೆರಳು ಸಾಕು ಇದಕ್ಕೆ."

ಅವಳು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದಳು. ವ್ಯಾನು ಕಂಬವನ್ನೂ ಗೇಟನ್ನೂ ಮುಟ್ಟದೆ ರಸ್ತೆಗೆ ಇಳಿಯಿತು. ಬೀದಿಯ ಕೊನೆಯಲ್ಲಿ ತಿರುಗುವ ಮುನ್ನ ಕನ್ನಡಿ ನೋಡಿದಳು. ಯಾರೋ ಓಡಿಬರುತ್ತಿದ್ದಾರೆಂದು ಲಿಫ್ಟಿನ ಬಾಗಿಲು ಹಿಡಿದು ಕಾಯುವವನ ಹಾಗೆ, ಅವನು ಇನ್ನೂ ಗೇಟನ್ನು ತೆರೆದು ಹಿಡಿದೇ ನಿಂತಿದ್ದ.